ಎರಡನೇ ಲೈನಿನ ಒಂಬತ್ತು ದಿನ

ಕಾರ್ಕಳದಿಂದ ಬಂದಿದ್ದ ನೆಟ್‌ವರ್ಕಿನವರು ರೂಟರಿನ ಹಿಂದಿದ್ದ ನೀಲಿ ಕೇಬಲ್ಲನ್ನು ಎಳೆದು ತೆಗೆದು, ಕಂಪ್ಯೂಟರಿನತ್ತ ಕೈ ತೋರಿಸಿದರು. ಮಣಿಪಾಲಕ್ಕೆ ಹೋಗುತ್ತಿದ್ದ ಎಕ್ಸ್‌ರೇ ಚಿತ್ರ ಒಂದು ಕ್ಷಣ ತಡವರಿಸಿತು, ಮತ್ತೆ ಹೊರಟಿತು. ಅಕ್ಕನ ಮುಖ ಅರಳಿತು. ನಾನು ಕೈಕಟ್ಟಿ ನಿಂತೇ ಇದ್ದೆ.

“ನೋಡಿ ಸರ್, ಕೇಬಲ್ ಹೋಯ್ತು, ಸಿಮ್ ಹಿಡಿಯಿತು. ಇನ್ನೆಂತ ಬೇಕು ನಿಮಗೆ?”

“ನೀವು ತೆಗೆದರೆ ಸಿಮ್ ಹಿಡಿಯುತ್ತದೆ ಅಂತ ಗೊತ್ತಾಯ್ತು. ಜೆಸಿಬಿ ತೆಗೆದರೆ ಹಿಡಿಯುತ್ತದಾ?”

ಅವರು ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದಳು. “ಇವ ಹೀಗೇ. ನೀವು ಬೇಜಾರು ಮಾಡಬೇಡಿ” ಎಂದಳು.

ನನ್ನ ಪ್ರಶ್ನೆ ತಪ್ಪಾಗಿತ್ತೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಕಾಪುವಿನಲ್ಲಿ ಹೆದ್ದಾರಿಯ ಬದಿಗಿರುವ ಅಕ್ಕನ ಎಕ್ಸ್‌ರೇ ಸೆಂಟರಿನಲ್ಲಿ ಚಿತ್ರ ತೆಗೆಯುವ ಯಂತ್ರವಿದೆ, ಓದುವ ಡಾಕ್ಟರಿಲ್ಲ. ಓದುವವರು ಮಣಿಪಾಲದಲ್ಲಿ. ಇಲ್ಲಿಂದ ಚಿತ್ರ ಹೋಗಬೇಕು, ಅವರು ನೋಡಿ ವರದಿ ಬರೆಯಬೇಕು. ಅಲ್ಲಿಯವರೆಗೆ ಬಿದ್ದು ಬಂದವರು ಬೆಂಚಿನಲ್ಲೇ. ಆ ಮಳೆಗಾಲದಲ್ಲಿ ಹೆದ್ದಾರಿಯ ಚರಂಡಿ ಅಗೆಯುವವರು ಎರಡು ಸಲ ನಮ್ಮ ಕೇಬಲ್ ಕಡಿದಿದ್ದರು, ಎರಡು ಸಲವೂ ಚಿತ್ರಗಳು ಅರ್ಧ ದಿನ ತಡವಾಗಿ ತಲುಪಿದ್ದವು. ಎರಡನೆಯ ಸಲ ಡಾಕ್ಟರು ಫೋನಿನಲ್ಲಿ ಸ್ವರ ಏರಿಸದೆ ಹೇಳಿದ್ದರು: “ಇನ್ನೊಂದು ಸಲ ಹೀಗಾದರೆ ನೀವು ಬೇರೆಯವರನ್ನು ನೋಡಿಕೊಳ್ಳಿ.” ನಮ್ಮಂಥ ಪುಟ್ಟ ಸೆಂಟರಿನ ಚಿತ್ರಗಳನ್ನು ಆಗಿಂದಾಗಲೇ ಓದಿಕೊಡುವ ಬೇರೆಯವರು ಇರಲಿಲ್ಲ. ಅವರು ಕೈಬಿಟ್ಟರೆ ಅಕ್ಕ ಬಾಗಿಲು ಹಾಕಬೇಕಿತ್ತು. ಅದಕ್ಕೇ ಈ ಎರಡನೇ ಲೈನು: ಕೇಬಲ್ ಸತ್ತಾಗ ತಾನಾಗಿ ಎದ್ದು ನಿಲ್ಲುವ ಮೊಬೈಲ್ ಸಿಮ್ಮು.

ನಾನು ಉಡುಪಿಯ ಕಾಲೇಜಿನಲ್ಲಿ ಕಾನೂನು ಓದುವಾಗ ಚರ್ಚಾಸ್ಪರ್ಧೆಗಳ ಹಿಂದೆ ಬಿದ್ದವನು. ಎದುರಿನವನು ‘ಗ್ಯಾರಂಟಿ’ ಎಂದ ಕೂಡಲೇ ಅವನ ಮಾತಿನಲ್ಲಿ ತೂತು ಹುಡುಕುವುದು ಅಲ್ಲಿಂದ ಬಂದ ಚಾಳಿ. ಓದು ಮುಗಿಸಿ ಅಕ್ಕನ ಸೆಂಟರಿನ ಆಫೀಸು ಕೆಲಸ ನೋಡಿಕೊಳ್ಳುತ್ತಿದ್ದಾಗ ಆ ಚಾಳಿಗೆ ಸಿಕ್ಕಿದವರು ಕಾರ್ಕಳದ ಈ ಕೊಂಕಣಿ ಮಾತಾಡುವ ಮನುಷ್ಯ. ವಯಸ್ಸು ನಲವತ್ತೈದರ ಆಚೆ. ಕುವೈಟಿನಲ್ಲಿ ಇದೇ ಕೆಲಸ ಮಾಡಿ ಬಂದವರು. ಯಾವ ಪ್ರಶ್ನೆಗೂ ಸಿಟ್ಟಾಗುವುದಿಲ್ಲ, ಮುಗುಳ್ನಗುತ್ತಾರೆ. ಆ ಮುಗುಳ್ನಗೆಯ ಮೇಲೆಯೇ ನನಗೆ ಮೊದಲ ಅನುಮಾನ.

“ಸಿಮ್ಮಿನ ಸಿಗ್ನಲ್ ಬರುವುದು ಟವರಿನಿಂದ. ಟವರಿಗೆ ನೆಟ್ ಬರುವುದು ಎಲ್ಲಿಂದ?” ಎಂದು ಕೇಳಿದೆ. “ಅದಕ್ಕೂ ಇದೇ ಹೆದ್ದಾರಿ ಬದಿಯ ಕೇಬಲ್ಲೇ ಆದರೆ, ಒಂದು ಗುಂಡಿಯಲ್ಲಿ ಎರಡೂ ಹೋಗುತ್ತದೆ. ಆಗ ನೀವು ಮಾರುವುದು ಎರಡನೇ ಲೈನಲ್ಲ, ಅದೇ ಲೈನಿಗೆ ಎರಡನೇ ಹೆಸರು.”

ಅಕ್ಕ ಹಣೆ ಚಚ್ಚಿಕೊಂಡಳು. ಅವರು ಮಾತ್ರ ಬೈಕಿನ ಕೀ ತೆಗೆದು, “ಕೂತುಕೊಳ್ಳಿ” ಎಂದರು.

ಇನ್ನಂಜೆಯ ಕಡೆಗೆ ಹೋಗುವ ದಾರಿಯಲ್ಲಿ ಗದ್ದೆಯ ಅಂಚಿಗೆ ನಿಲ್ಲಿಸಿ ಒಂದು ಟವರ್ ತೋರಿಸಿದರು. ಅದರ ಮೈಗೆ ಡೋಲಿನ ಹಾಗೆ ಬಿಳಿಯ ದೊಡ್ಡ ತಟ್ಟೆ ಅಂಟಿಕೊಂಡಿತ್ತು.

“ಅದು ಕಾಣ್ತದಾ? ಈ ಟವರಿಗೆ ನೆಟ್ ಬರುವುದು ಆ ತಟ್ಟೆಯಿಂದ, ಗಾಳಿಯಲ್ಲಿ. ಪೇಟೆಯ ಟವರಿಗೆ ಕೇಬಲ್ ಉಂಟು, ನೀವು ಹೇಳಿದ್ದು ಸರಿಯೇ. ಅದಕ್ಕೇ ನಿಮ್ಮ ತಾರಸಿಯ ಆಂಟೆನಾ ಪೇಟೆಗೆ ಬೆನ್ನು ಹಾಕಿ ಈಚೆ ತಿರುಗಿಸಿದ್ದು. ಗಾಳಿಯನ್ನು ಜೆಸಿಬಿ ಅಗೆಯುವುದಿಲ್ಲ ಮಾರಾಯ್ರೆ.”

ಉತ್ತರ ಸರಿಯಾಗಿತ್ತು. ಕೇಳುವ ಮೊದಲೇ ಉತ್ತರ ಸಿದ್ಧವಿದ್ದದ್ದು ನನಗೆ ಇನ್ನಷ್ಟು ಅನುಮಾನ ತಂದಿತು. ಇಷ್ಟು ತಿಳಿದವರು ಎಲ್ಲೋ ಒಂದು ಕಡೆ ನಮ್ಮ ತಲೆಗೆ ಕಟ್ಟಲೇಬೇಕು ಎಂದು ಕಾಯುತ್ತ ಕೂತೆ. ಸೆಂಟರಿಗೆ ಮರಳಿ ಬಂದಾಗ ಅದು ಬಂತು.

“ಇನ್ನೊಂದು ಉಂಟು. ಲೈನ್ ಬದಲಾದ ಕೂಡಲೇ ಫೋನಿಗೆ ಮೆಸೇಜ್ ಬರುವ ಏರ್ಪಾಡು. ಹಾಕುವುದಾ?”

ಸಿಕ್ಕಿದರು ಎಂದುಕೊಂಡೆ.

“ಎಂತಕ್ಕೆ? ತಾನಾಗಿ ಬದಲಾಗುತ್ತದೆ ಅಂದಿರಿ. ಬದಲಾದರೆ ಕೆಲಸ ನಡೆಯುತ್ತದೆ, ಮೆಸೇಜ್ ಬೇಡ. ಬದಲಾಗದಿದ್ದರೆ ಕೆಲಸ ನಿಲ್ಲುತ್ತದೆ, ಆಗಲೂ ನಮಗೇ ಗೊತ್ತಾಗುತ್ತದೆ. ಎರಡರಲ್ಲೂ ನಿಮ್ಮ ಮೆಸೇಜಿಗೆ ಕೆಲಸವೇ ಇಲ್ಲವಲ್ಲ!”

ಅವರು “ಸಿಮ್ಮಿನ ಪ್ಯಾಕ್ ಸಣ್ಣದು, ಸರ್. ಕೆಲವು ದಿನಕ್ಕೆ ಮಾತ್ರ...” ಎಂದು ಶುರುಮಾಡಿದರು. ನಾನು ನನ್ನ ವಾದವನ್ನೇ ಇನ್ನೊಮ್ಮೆ, ಇನ್ನೂ ಚೆಂದವಾಗಿ ಹೇಳಿದೆ. ಅಕ್ಕ, “ಇವನ ಹತ್ತಿರ ಗೆಲ್ಲಲಿಕ್ಕೆ ಆಗುವುದಿಲ್ಲ ಬಿಡಿ” ಎಂದಳು. ಮೆಸೇಜ್ ಬೇಡ ಎಂದು ತೀರ್ಮಾನವಾಯಿತು. ಆ ದಿನ ಊಟ ರುಚಿಯಾಗಿತ್ತು.

ಅದಾಗಿ ತಿಂಗಳೊಳಗೆ ಆಯುಧಪೂಜೆ. ದೇವರ ವಿಷಯದಲ್ಲಿ ನಾನು ಮನೆಯವರಿಗೆಲ್ಲ ತಲೆನೋವು. ಆದರೆ ಯಂತ್ರಗಳನ್ನು ವರ್ಷಕ್ಕೊಮ್ಮೆ ಕಳಚಿ ಒರೆಸುವುದರಲ್ಲಿ ತಪ್ಪೇನೂ ಕಾಣದ್ದರಿಂದ ಆ ಕೆಲಸ ನನ್ನದು. ಇದಕ್ಕೆ ಬೇರೆಯವರು ಕೈ ಹಚ್ಚಬಾರದು ಎಂದು ಮೊದಲೇ ಹೇಳಿಟ್ಟಿದ್ದೆ, ಯಾರು ಯಾವ ವೈರನ್ನು ಎಲ್ಲಿಗೆ ಸಿಕ್ಕಿಸುತ್ತಾರೋ ಎಂಬ ಭಯ. ಎಲ್ಲ ಕೇಬಲ್ ತೆಗೆದು, ಒಂದೊಂದಕ್ಕೂ ಚೀಟಿ ಅಂಟಿಸಿ, ಧೂಳು ಒರೆಸಿ, ಮತ್ತೆ ಹಾಕತೊಡಗಿದೆ. ನೀಲಿಯದು ಕೊನೆಗೆ. ಅಷ್ಟರಲ್ಲಿ ಅಕ್ಕ “ಮಂಗಳಾರತಿಗೆ ಬಾ ಮಾರಾಯ, ಕರ್ಪೂರ ಮುಗೀತದೆ” ಎಂದು ಕೂಗಿದಳು. ಸಿಕ್ಕಿಸಿ ಓಡಿದೆ.

ಕೌಂಟರಿನಲ್ಲಿ ಕೂರುವ ಶಂಕರಪುರದ ಹೆಂಗಸು ಮನೆಯಲ್ಲೇ ಕಟ್ಟಿದ ಮಲ್ಲಿಗೆ ತಂದಿದ್ದರು. ಎಕ್ಸ್‌ರೇ ಯಂತ್ರಕ್ಕೆ ದೊಡ್ಡ ಮಾಲೆ, ರೂಟರಿಗೂ ಒಂದು ಗೇಣು ಮಲ್ಲಿಗೆ. ಅಕ್ಕ ಗಂಧ ಕುಂಕುಮದ ಬೊಟ್ಟಿಟ್ಟಳು. ರೂಟರಿನ ಮುಖದಲ್ಲಿ ಬೊಟ್ಟಿಡಲು ಜಾಗವಿದ್ದದ್ದು ಸಣ್ಣ ದೀಪಗಳ ಸಾಲಿನಲ್ಲಿ ಮಾತ್ರ. ಪೂಜೆಯ ಬೊಟ್ಟನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ, ಅದು ತಾನಾಗಿ ಉದುರಬೇಕು.

ಮರುದಿನದಿಂದ ಚಿತ್ರಗಳು ಸಲೀಸಾಗಿ ಹೋದವು. ಎರಡು ದಿನ ಬಿಟ್ಟು ಆ ಹೆಂಗಸು ನನ್ನ ಮೇಜಿನ ಹತ್ತಿರ ಬಂದರು.

“ತಮ್ಮಾ, ವೈಫೈ ಬರ್ತಾ ಇಲ್ಲ ಅಲ್ವಾ? ಮಗಳು ಮಸ್ಕತ್ತಿನಿಂದ ಮಧ್ಯಾಹ್ನ ವಿಡಿಯೋ ಕಾಲ್ ಮಾಡುವವಳು. ನನ್ನ ಫೋನಿಗೆ ಬೇರೆ ನೆಟ್ ಇಲ್ಲ, ಮುಖವೇ ಕಾಣುವುದಿಲ್ಲ.”

“ಎಕ್ಸ್‌ರೇ ಹೋಗ್ತಾ ಉಂಟಲ್ಲ?”

“ಅದು ಹೋಗ್ತದೆ.”

“ಹಾಗಾದರೆ ನೆಟ್ ಉಂಟು. ನಿಮ್ಮ ಫೋನಿನದ್ದೇ ಎಂತದೋ ಆಗಿದೆ. ಆಫೀಸಿನ ನೆಟ್ ಇರುವುದು ಆಫೀಸಿಗೆ, ಅಕ್ಕಾ.”

ಅವರು “ಆಯ್ತಪ್ಪ” ಎಂದು ಹೋದರು. ಎರಡನೇ ಲೈನಿನಲ್ಲಿರುವಾಗ ಎಕ್ಸ್‌ರೇ ಕಂಪ್ಯೂಟರಿಗೆ ಮಾತ್ರ ದಾರಿ, ಉಳಿದ ಫೋನುಗಳಿಗೆಲ್ಲ ತಡೆ ಎಂದು ನೆಟ್‌ವರ್ಕಿನವರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅನುಮಾನಿಸಿದ್ದು ಆ ತಾಯಿಯನ್ನು.

ಹತ್ತನೆಯ ದಿನ ಬೆಳಿಗ್ಗೆ ಮೀನು ಮಾರುವ ಹೆಂಗಸೊಬ್ಬರನ್ನು ರಿಕ್ಷಾದಲ್ಲಿ ಕರೆತಂದರು. ಬುಟ್ಟಿಯೊಂದಿಗೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು. ಅಕ್ಕ ಚಿತ್ರ ತೆಗೆದಳು, ಕಳಿಸಿದಳು. ಅದು ಹೋಗಲಿಲ್ಲ. ಪರದೆಯ ಮೇಲಿನ ಹಸಿರು ಪಟ್ಟಿ ಒಂದು ಕೂದಲೆಳೆಯಷ್ಟು ಸರಿದು ನಿಂತಿತು. ಯಂತ್ರ ಆರಿಸಿ ಹಾಕಿದೆವು. ನನ್ನ ಫೋನಿನ ನೆಟ್ ಕೊಟ್ಟು ನೋಡಿದೆವು. ಡಾಕ್ಟರ ಕಂಪ್ಯೂಟರು ನಮ್ಮ ರೂಟರನ್ನು ಬಿಟ್ಟು ಬೇರೆ ಯಾರಿಗೂ ಬಾಗಿಲು ತೆರೆಯುವಂತಿರಲಿಲ್ಲ. ಪರದೆಯ ಫೋಟೋ ಹೊಡೆದು ಕಳಿಸಿದರೆ ಅವರು ಓದುವುದಿಲ್ಲ.

“ಎಂತ ಮಾರಾಯ್ತಿ, ಫೋಟೋ ತೆಗೆದು ಇಷ್ಟು ಹೊತ್ತಾಯ್ತು” ಎಂದು ಒಳಗಿನಿಂದ ಮಲಗಿದ್ದ ಆ ಹೆಂಗಸು ಕೂಗಿದರು. “ಮದುವೆಯ ಆಲ್ಬಮ್ ಮಾಡ್ಲಿಕ್ಕುಂಟಾ?”

ಅಕ್ಕ ನಗಲಿಲ್ಲ. ನಾನು ಕಾರ್ಕಳದವರಿಗೆ ಫೋನು ಮಾಡಿ, ಅಷ್ಟು ದಿನ ಒಳಗೇ ಕಾಯಿಸಿ ಇಟ್ಟಿದ್ದ ಭಾಷಣವನ್ನು ಸುರಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಮೊದಲನೇ ಲೈನ್ ಉಂಟಾ?”

“ಉಂಟು. ಕೇಬಲ್ ಹಾಕಿಯೇ ಇದೆ. ಕಣ್ಣಾರೆ ನೋಡಿದ್ದೇನೆ.”

“ನಾನು ಶಿರ್ವದಲ್ಲಿದ್ದೇನೆ. ಬಂದೆ.”

ಸರಿಯಾಗಿ ಇವತ್ತೇ ಶಿರ್ವದಲ್ಲಿ ಇರಬೇಕೆ? ಅದರಲ್ಲೂ ನಾನೊಂದು ಹೂಟ ಹುಡುಕಿದೆ. ಅವರು ಬಂದವರೇ ರೂಟರಿನ ಹಿಂದೆ ಕೈ ಹಾಕಿ, ನೀಲಿ ಕೇಬಲ್ಲನ್ನು ಒಂದೇ ಬೆರಳಿನಿಂದ ಎಳೆದರು. ಬೆಣ್ಣೆಯಿಂದ ಕೂದಲು ಬಂದ ಹಾಗೆ ಅದು ಕೈಗೆ ಬಂತು. ಮತ್ತೆ ಒತ್ತಿದರು. ‘ಟಕ್’ ಎಂದಿತು. ಉಗುರಿನಿಂದ ಒಣಗಿದ ಕುಂಕುಮ ಕೆರೆದಾಗ ಅದರ ಹಿಂದೆ ಮೊದಲನೇ ಲೈನಿನ ಹಸಿರು ದೀಪ ಕಂಡಿತು. ಕಂಪ್ಯೂಟರಿನಲ್ಲಿ ಪಟ್ಟಿ ಸರಸರ ಓಡಿತು.

“ಒಂಬತ್ತು ದಿನ ನೀವು ಸಿಮ್ಮಿನಲ್ಲೇ ಇದ್ದದ್ದು, ಸರ್” ಎಂದರು, ಫೋನಿನಲ್ಲಿ ಏನೋ ನೋಡುತ್ತ. “ಪ್ಯಾಕ್ ಇವತ್ತು ಬೆಳಿಗ್ಗೆ ಮುಗಿದದ್ದು. ಸಿಮ್ ಸರಿಯಾಗಿ ಕೆಲಸ ಮಾಡಿದ್ದಕ್ಕೇ ಕೇಬಲ್ ಹೋದದ್ದು ಗೊತ್ತಾಗಲಿಲ್ಲ.”

“ಬೊಟ್ಟಿಟ್ಟು ದೀಪ ಮುಚ್ಚಿದರೆ...” ಎಂದು ನಾನು ಬಾಯಿ ಬಿಟ್ಟೆ.

“ತಪ್ಪು ಬೊಟ್ಟಿನ ಮೇಲೆ ಹಾಕಬೇಡಿ. ನಾನೂ ಪೂಜೆಯ ದಿನ ಗ್ಯಾರೇಜಿನಲ್ಲಿ ನನ್ನ ಬೈಕಿಗೆ ಇಡಿಸಿಕೊಂಡು ಬಂದವ.”

ಕೌಂಟರಿನ ಹೆಂಗಸಿನ ಫೋನು ಟಣ್ ಟಣ್ ಎಂದು ಹತ್ತಾರು ಸಲ ಕೂಗಿತು. ಒಂಬತ್ತು ದಿನದಿಂದ ತಡೆದುಕೊಂಡಿದ್ದ ಮಗಳ ಫೋಟೋಗಳು ಒಟ್ಟಿಗೆ ಇಳಿಯುತ್ತಿದ್ದವು. ಅವರು ನನ್ನತ್ತ ನೋಡಲಿಲ್ಲ. ನೋಡದೇ ಇದ್ದದ್ದು ಅವರ ದೊಡ್ಡತನ.

ವರದಿ ಬಂತು: ಮೂಳೆ ಮುರಿದಿಲ್ಲ. “ಇದನ್ನು ನಾನೇ ಹೇಳ್ತಿದ್ದೆನಲ್ಲ” ಎಂದು ಮೀನಿನ ಹೆಂಗಸು ರಿಕ್ಷಾ ಹತ್ತಿದರು. ವರದಿಯ ಕೆಳಗೆ ಡಾಕ್ಟರು ಇನ್ನೊಂದು ಸಾಲು ಸೇರಿಸಿದ್ದರು: ಚಿತ್ರ ಒಂದು ಗಂಟೆ ತಡ, ಫೋನ್ ಮಾಡಿ.

ಅಕ್ಕ ಕುರ್ಚಿಯಲ್ಲಿ ಕುಸಿದಳು. ನೆಟ್‌ವರ್ಕಿನವರು ಟೂಲ್ ಬ್ಯಾಗ್ ಮುಚ್ಚುತ್ತ, “ನನ್ನ ತಪ್ಪು ಅಂತ ಹೇಳಿ ಮೇಡಂ. ಡಾಕ್ಟರಿಗೆ ನನ್ನ ಗುರುತಿಲ್ಲ. ನನಗೆಂತ ನಷ್ಟ?” ಎಂದರು.

ಈ ಔದಾರ್ಯದ ಹಿಂದೆ ಏನಿದೆ ಎಂದು ನಾನು ಅಭ್ಯಾಸಬಲದಿಂದ ಹುಡುಕಿದೆ. ನಾಳೆ ಏನಾದರೂ ಕೇಳುತ್ತಾರೆಯೇ? ಕೇಳುವುದಾದರೆ ಏನು? ತುಂಬ ಹೊತ್ತು ಹುಡುಕಿದೆ. ಏನೂ ಸಿಗಲಿಲ್ಲ. ಆಮೇಲೆ ಅಕ್ಕನ ಕೈಯಿಂದ ಫೋನು ತೆಗೆದುಕೊಂಡೆ.

“ಮತ್ತೆ ನೆಟ್ ಹೋದದ್ದಾ?” ಡಾಕ್ಟರ ಸ್ವರ ಏರಿರಲಿಲ್ಲ.

“ನೆಟ್ ಹೋದದ್ದಲ್ಲ ಸರ್. ಒಂಬತ್ತು ದಿನದ ಹಿಂದೆ ಒರೆಸಲಿಕ್ಕೆ ಕೇಬಲ್ ತೆಗೆದವ ನಾನು. ಸರಿ ಹಾಕಲಿಲ್ಲ.”

“ಒಂಬತ್ತು ದಿನವಾ? ನಿನ್ನೆಯವರೆಗೆ ಚಿತ್ರ ಬರ್ತಾ ಇತ್ತಲ್ಲ?”

“ಎರಡನೇ ಲೈನಿನಲ್ಲಿ ಬರ್ತಾ ಇತ್ತು.”

“ಯಾರಿಗೂ ಗೊತ್ತಾಗಲಿಲ್ವಾ?”

“ಗೊತ್ತಾಗುವ ಏರ್ಪಾಡು ಉಂಟಂತೆ, ಮೆಸೇಜ್ ಬರುವುದು. ಬೇಡ ಅಂತ ವಾದ ಮಾಡಿದವನೂ ನಾನೇ.”

ಆಚೆ ಸದ್ದಿಲ್ಲ. ಎದುರಿನ ಕಕ್ಷಿಯ ಮೌನವನ್ನು ಗೆಲುವೆಂದು ಎಣಿಸಿ ರೂಢಿಯಾಗಿದ್ದ ನನಗೆ ಅಂದಿನ ಮೌನ ಬಹಳ ಉದ್ದವೆನ್ನಿಸಿತು. ಅಕ್ಕ ಸೆರಗಿನ ತುದಿ ಕಚ್ಚಿಕೊಂಡಿದ್ದಳು.

“ಅದನ್ನು ಇವತ್ತೇ ಹಾಕಿಸಿ. ಮತ್ತೆ, ಆ ಮೆಸೇಜ್ ನಿಮಗೆ ಮಾತ್ರ ಬಂದರೆ ಸಾಲದು. ನನಗೂ ಬರಬೇಕು.”

ಅಂದರೆ ಅವರು ನಮ್ಮನ್ನು ಬಿಡಲಿಲ್ಲ, ನಂಬಲೂ ಇಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಈಗ ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ, ರೋಗಿಗಳು ಬರುವ ಮುಂಚೆ, ನಾನು ನೀಲಿ ಕೇಬಲ್ ಎಳೆಯುತ್ತೇನೆ. ಅಕ್ಕನ ಫೋನು, ನನ್ನದು, ಕಾರ್ಕಳದವರದು, ಮಣಿಪಾಲದ್ದು, ನಾಲ್ಕೂ ಒಟ್ಟಿಗೆ ಕೂಗುತ್ತವೆ. ಕಾರ್ಕಳದಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಮಣಿಪಾಲದಿಂದ ತಪ್ಪದೆ ಬರುವುದು ಒಂದೇ ಮಾತು: “ಯಾರು?”

“ನಾನೇ ಸರ್. ಪರೀಕ್ಷೆಗೆ.”

“ಹಾಕಿದ ಮೇಲೆ ಹೇಳಿ.”

‘ಟಕ್’ ಎನ್ನುವ ತನಕ ಒತ್ತುತ್ತೇನೆ. ಒಂದು ಬೆರಳಿನಿಂದ ಎಳೆದು ನೋಡುತ್ತೇನೆ. ಆಮೇಲೆ ಕೌಂಟರಿನತ್ತ ತಿರುಗಿ, “ಅಕ್ಕಾ, ನಿಮ್ಮ ಫೋನಿನಲ್ಲಿ ವೈಫೈ ಬಂತಾ?” ಎಂದು ಕೇಳುತ್ತೇನೆ. ಅವರು ಫೋನು ಎತ್ತಿ ನೋಡಿ ಬಂತು ಎಂದ ಮೇಲೆಯೇ ಮಣಿಪಾಲಕ್ಕೆ ಉತ್ತರ ಬರೆಯುವುದು.