ಸ್ನೋ ಜಾಹೀರಾತಿನ ಟೇಪಿನಲ್ಲಿದ್ದ ದನಿ

ಅದು ೧೯೯೫. ನಾನು ಚಿಕ್ಕೋಡಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಹೊಸದಾಗಿ ಬಂದಿದ್ದ ಮಾರ್ಕೆಟಿಂಗ್ ಸರ್, ಗುಂಪು ಮಾಡಿಕೊಂಡು ಯಾವುದಾದರೂ ಒಂದು ವಸ್ತುವಿಗೆ ಜಾಹೀರಾತು ತಯಾರಿಸಿ ತನ್ನಿ ಎಂದಿದ್ದರು. ಉಳಿದವರೆಲ್ಲ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಕೊಂಡರು. ನಮ್ಮ ಗುಂಪಿನ ಉಜ್ವಲಾ ಮಾತ್ರ, "ಟಿ.ವ್ಯಾಗ ಬರತಾವಲ್ಲ, ಹಂಗ ಮಾಡೂಣು" ಎಂದು ಹಟ ಹಿಡಿದಳು. ಅವಳ ಅಕ್ಕನ ಗಂಡ ನಿಪ್ಪಾಣಿಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ಅವಳು ಅವರನ್ನು ದಾಜಿ ಎನ್ನುತ್ತಿದ್ದಳು, ನಾವೂ ಹಾಗೇ ಕರೆಯುತ್ತಿದ್ದೆವು. ಮದುವೆಯಿಲ್ಲದ ಒಂದು ದಿನ ಕ್ಯಾಮೆರಾ ತರಲು ದಾಜಿ ಒಪ್ಪಿದರು.

ಮುಖಕ್ಕೆ ಹಚ್ಚುವ ಸ್ನೋ ಜಾಹೀರಾತು ಮಾಡುವುದೆಂದಾಯಿತು. ಹೆಸರು ನಾವೇ ಇಟ್ಟೆವು, ಪೂರ್ಣಿಮಾ ಸ್ನೋ. ಹಳೆಯ ಬಾಟಲಿಯೊಂದನ್ನು ತೊಳೆದು ಅದರಲ್ಲಿ ಮನೆಯ ಬೆಣ್ಣೆ ತುಂಬಿದೆವು. ಗುಂಪಿನ ಮೂರನೆಯವನಾದ ಭರತೇಶ ಚೆಂದದ ಲೇಬಲ್ ಬರೆದ. ಉಜ್ವಲಾ ನಾಯಕಿ. ಮಾತು ಬರೆಯುವ ಕೆಲಸ ನನಗೆ ಬಂತು. ಶೂಟಿಂಗಿನ ಹಿಂದಿನ ರಾತ್ರಿ ತಲೆ ಕೆರೆದುಕೊಂಡು ಬರೆದೆ: "ಕತ್ತಲಲ್ಲೂ ಬೆಳಗುವ ಮುಖ, ಪೂರ್ಣಿಮಾ ಸ್ನೋ ತಂದ ಸುಖ." ಈಗ ನಗು ಬರುತ್ತದೆ. ಆಗ ನನಗೆ ಬಹಳ ಹೆಮ್ಮೆಯಿತ್ತು.

ಶೂಟಿಂಗಿಗೆ ಭರತೇಶನ ಕಾಕಾನ ಮನೆ ಗೊತ್ತು ಮಾಡಿದೆವು. ಸದಲಗಾದಲ್ಲಿ ಹಳೆಯ ಕಾಲದ ದೊಡ್ಡ ವಾಡೆ. ಆಳೆತ್ತರದ ಕನ್ನಡಿ ಇತ್ತು, ನಡುಮನೆಗೆ ಮೇಲಿನಿಂದ ಬೆಳಕು ಬೀಳುತ್ತಿತ್ತು. ಮನೆಯಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕು ಇಬ್ಬರೇ. ಮಗಳ ಮದುವೆಯಾಗಿ ಅವಳು ಸಾಂಗ್ಲಿಯಲ್ಲಿದ್ದಳು. ಕಾಕು ಬಹಳ ಪ್ರೀತಿಯ ಹೆಂಗಸು. "ಬರ್ರಿ, ಬರ್ರಿ. ಮೊದಲ ಚಾ ಕುಡೀರಿ, ಆಮ್ಯಾಲ ನಿಮ್ಮ ಸಿನಿಮಾ" ಎಂದು ಚುರುಮುರಿ ತಂದಿಟ್ಟರು.

ಆ ದಿನ ಉಜ್ವಲಾ ನಮ್ಮೆಲ್ಲರ ಪ್ರಾಣ ತಿಂದಳು. ಮನೆಯಲ್ಲಿ ಮರಾಠಿ ಮಾತಾಡುವ ಹುಡುಗಿ. ಪುಸ್ತಕದ ಕನ್ನಡ ಬಾಯಿಗೆ ಬಂದರೆ ಕೈ ಮರೆಯುತ್ತಿತ್ತು, ಕೈ ನೆನಪಾದರೆ ಮಾತು ಮರೆಯುತ್ತಿತ್ತು. ಕೆನ್ನೆಗೆ ಬೆಣ್ಣೆ ಮೆತ್ತಿ ಮೆತ್ತಿ ಮುಖವೆಲ್ಲ ಜಿಡ್ಡು. "ಅಗಂ ಬಾಯಿ, ಮತ್ತ ಮರತೆ" ಎನ್ನುತ್ತಿದ್ದಳು, ಎಲ್ಲರೂ ನಗುತ್ತಿದ್ದೆವು. ಸಂಜೆಯ ಹೊತ್ತಿಗೆ ಅಂತೂ ಒಂದು ಸಲ ಸರಿಯಾಗಿ ಹೇಳಿದಳು. ಖುಷಿಯಿಂದ ಬಸ್ಸು ಹತ್ತಿದೆವು.

ಮುಂದಿನ ಭಾನುವಾರ ಟೇಪು ನೋಡಲು ನಿಪ್ಪಾಣಿಗೆ ದಾಜಿಯ ಅಂಗಡಿಗೆ ಹೋದೆವು. ಅವರ ಮುಖ ಎಂದಿನಂತಿರಲಿಲ್ಲ. "ಅವತ್ತ ಆ ಮನ್ಯಾಗ ಕಾಕು ಬಿಟ್ಟು ಬ್ಯಾರೆ ವಯಸ್ಸಾದ ಹೆಣ್ಮಗಳು ಯಾರರ ಇದ್ದರೇನು?" ಎಂದು ಕೇಳಿದರು. ಇಲ್ಲವೆಂದೆವು. ಅವರು ಟೇಪು ಹಚ್ಚಿ ಟಿ.ವಿ. ದನಿ ಪೂರ್ತಿ ಏರಿಸಿದರು.

ಉಜ್ವಲಾ ಕನ್ನಡಿಯ ಮುಂದೆ ಕುಳಿತು, "ಕತ್ತಲಲ್ಲೂ ಬೆಳಗುವ ಮುಖ" ಎನ್ನುತ್ತಾಳೆ. ಕ್ಷಣ ಬಿಟ್ಟು ಇನ್ನೊಂದು ದನಿ ಅದನ್ನೇ ಮೆಲ್ಲಗೆ ಹೇಳುತ್ತದೆ. ಹೆಂಗಸಿನ ದನಿ, ಕಾಕುವಿನದಲ್ಲ. ಉಜ್ವಲಾ ಮತ್ತೆ ಹೇಳುತ್ತಾಳೆ, ಆ ದನಿಯೂ ಮತ್ತೆ ಹೇಳುತ್ತದೆ. ಮೊದಲು ತಪ್ಪುತಪ್ಪಾಗಿ, ಆಮೇಲೆ ಸ್ಪಷ್ಟವಾಗಿ, ಪಾಠ ಕಲಿಯುವ ಮಗುವಿನ ಹಾಗೆ.

"ಹಿಂದಿನ ಲಗ್ನದ್ದು ಅಳಿಸಿರಾಕಿಲ್ಲ, ದಾಜಿ" ಎಂದ ಭರತೇಶ.

"ಟೇಪ್ ಹೊಸಾದು. ಮತ್ತ ಲಗ್ನದಾಗ ನಿಮ್ಮ ಸ್ನೋದ ಮಾತು ಯಾರು ಹೇಳತಾರೋ?"

ಆ ಸಾಲು ನಾನು ಶೂಟಿಂಗಿನ ಹಿಂದಿನ ರಾತ್ರಿಯಷ್ಟೇ ಬರೆದದ್ದು. ನಮ್ಮ ಗುಂಪು ಬಿಟ್ಟು ಬೇರೆ ಯಾರಿಗೂ ಅದು ತಿಳಿದಿರಲಿಲ್ಲ.

"ಇದನ್ನ ಕೇಳ್ರಿ" ಎಂದು ದಾಜಿ ಟೇಪು ಮುಂದಕ್ಕೆ ಓಡಿಸಿದರು. ಉಜ್ವಲಾ "ಕತ್ತಲಲ್ಲೂ..." ಎಂದು ಮರೆತು ನಿಂತಿದ್ದಾಳೆ. ಕಣ್ಣು ಮೇಲೆ ಮಾಡಿ ನೆನಪಿಸಿಕೊಳ್ಳುತ್ತಿದ್ದಾಳೆ. ಅಷ್ಟರಲ್ಲಿ ಆ ದನಿ, ಹತ್ತಿರದಲ್ಲೇ, "ಬೆಳಗುವ ಮುಖ" ಎಂದು ನೆನಪು ಮಾಡಿಕೊಡುತ್ತದೆ. ನಮ್ಮ ನಗುವಿನ ಗದ್ದಲದಲ್ಲಿ ಉಜ್ವಲಾಳಿಗೂ ನಮಗೂ ಅದು ಕೇಳಿಸಿಯೇ ಇಲ್ಲ.

ಉಜ್ವಲಾ ನನ್ನ ರಟ್ಟೆ ಹಿಡಿದುಕೊಂಡು ಅಳತೊಡಗಿದಳು. ಟೇಪು ಅಳಿಸಿ ಚಾರ್ಟು ಮಾಡಿಕೊಡೋಣ ಎಂದೆ ನಾನು. ಭರತೇಶ ಒಪ್ಪಲಿಲ್ಲ. ಅವನ ಮುಖ ಕೆಂಪೇರಿತ್ತು. "ನಮ್ಮ ಮನ್ಯಾಗ ದೆವ್ವ ಐತಿ ಅಂತ ಕಾಲೇಜ್ ತುಂಬ ಆಗೂದು ಬ್ಯಾಡ. ಇನ್ನೊಮ್ಮಿ ಹೋಗೂಣು. ಏನಂತ ನೋಡೇ ಬಿಡೂಣು" ಎಂದ.

ಎರಡು ದಿನ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ನಾವು ಮೂವರು ಮತ್ತು ದಾಜಿ ಸದಲಗಾಕ್ಕೆ ಹೋದೆವು. ಕಾಕಾ ಹೊಲಕ್ಕೆ ಹೋಗಿದ್ದರು. ಶೂಟಿಂಗ್ ಸರಿ ಬಂದಿಲ್ಲ, ಮತ್ತೊಮ್ಮೆ ಮಾಡುತ್ತೇವೆ ಎಂದಾಗ ಕಾಕು ಈ ಸಲ ಖುಷಿಪಡಲಿಲ್ಲ. "ಇಲ್ಲೇ ಯಾಕ? ಹೊರಗ ಕಟ್ಟಿ ಮ್ಯಾಲ ಮಾಡ್ರಲ್ಲ, ಛಲೋ ಬೆಳಕೈತಿ" ಎಂದರು. ಭರತೇಶ ಕೇಳಲಿಲ್ಲ. ದಾಜಿ ಕ್ಯಾಮೆರಾವನ್ನು ಮೊದಲಿನ ಜಾಗದಲ್ಲೇ ಇಟ್ಟರು. ಆಗ ನಾನು ಗಮನಿಸಿದೆ. ಕ್ಯಾಮೆರಾದ ಬೆನ್ನಿಗೇ ಒಂದು ಸಣ್ಣ ಬಾಗಿಲು. ಅದಕ್ಕೆ ಚಿಲಕ. ಅದರ ಮುಂದೆ ಜೋಳದ ಚೀಲ.

ಉಜ್ವಲಾ ಕನ್ನಡಿಯ ಮುಂದೆ ಕುಳಿತಳು. ನಾವು ಮಾತಾಡಿಕೊಂಡಿದ್ದ ಹಾಗೆ, "ಕತ್ತಲಲ್ಲೂ..." ಎಂದು ಬೇಕೆಂದೇ ನಿಲ್ಲಿಸಿದಳು. ಹಿತ್ತಲಲ್ಲಿ ಎಮ್ಮೆ ಮೆಲುಕು ಹಾಕುವುದೂ ಕೇಳುತ್ತಿತ್ತು.

"ಬೆಳಗುವ ಮುಖ" ಎಂದಿತು ಬಾಗಿಲು. ಹಾಗೇ ಅನ್ನಿಸಿತು ನನಗೆ, ಬಾಗಿಲೇ ಮಾತಾಡಿದಂತೆ. ನಂತರ ಬಹಳ ಮೃದುವಾಗಿ, "ಮುಂದ ಹೇಳು, ತಂಗಿ. ಮರತಿ ಏನು?"

ದಾಜಿ ಕ್ಯಾಮೆರಾ ಬಿಟ್ಟು ಅಂಗಳಕ್ಕೆ ಓಡಿದರು. ಕಾಕು ಅಡುಗೆಮನೆಯ ಹೊಸ್ತಿಲಲ್ಲಿ ಹಾಗೇ ಕುಸಿದು ಕುಳಿತರು. ಭರತೇಶ ಚೀಲ ಎಳೆದು ಹಾಕಿ ಚಿಲಕಕ್ಕೆ ಕೈ ಹಾಕಿದಾಗ, "ತೆಗೀಬ್ಯಾಡೋ ಭರತ್ಯಾ, ನಿನ್ನ ಕಾಲ ಬೀಳತೇನಿ" ಎಂದರು. ಅವನು ತೆಗೆದ.

ಒಳಗಿನ ಕತ್ತಲಲ್ಲಿ ಗೋಡೆಗೆ ಒತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದರು. ಸೆರಗು ಮೂಗಿನವರೆಗೂ ಇತ್ತು. ಕೈ ಮಾತ್ರ ಕಾಣುತ್ತಿತ್ತು. ಅಲ್ಲಲ್ಲಿ ಕಂದು, ಉಳಿದದ್ದೆಲ್ಲ ಹಾಲಿನಂಥ ಬಿಳುಪು.

"ಭರತೇಶ ಅಂದ್ರ ತಮ್ಮನ ಮಗಾ ಅಲ್ಲೇನು ನೀ?" ಎಂದರು. "ದೊಡ್ಡಾಂವ ಆಗಿ. ನಿನ್ನ ದನಿ ಸಣ್ಣಾಂವಿದ್ದಾಗಿಂದ ಕೇಳೇನಿ. ಮುಖ ಇವತ್ತ ನೋಡಿದೆ."

ಅವರು ಅವನ ಸೋದರತ್ತೆ, ಕುಸುಮ. ಜೈನ ದೀಕ್ಷೆ ತೆಗೆದುಕೊಂಡು ಸನ್ಯಾಸಿನಿಯರ ಸಂಘದ ಜೊತೆ ದೂರ ಹೋಗಿದ್ದಾರೆ ಎಂದೇ ಅವನಿಗೆ ಹೇಳಿದ್ದರು, ಊರಿಗೂ ಹಾಗೇ ಹೇಳಿದ್ದರು. ಮದುವೆ ಗೊತ್ತಾದ ವರ್ಷ ಅವರ ತುಟಿಯ ಅಂಚಿನಲ್ಲಿ ತೊನ್ನಿನ ಬಿಳಿ ಕಾಣಿಸಿಕೊಂಡಿತು. ಮದುವೆ ಮುರಿಯಿತು. ತಮ್ಮಂದಿರಿಗೆ ಹೆಣ್ಣು ಸಿಗಲಿಕ್ಕಿಲ್ಲ ಎಂದು ಹಿರಿಯರು ಅವರನ್ನು ಒಳಗಿಟ್ಟರು. ಆಮೇಲೆ ತಮ್ಮಂದಿರ ಮಕ್ಕಳ ಮದುವೆಯ ಚಿಂತೆ ಬಂತು. ಬಾಗಿಲು ಮುಚ್ಚಿಯೇ ಉಳಿಯಿತು.

ಕಾಕು ಅಳುತ್ತ ಹೇಳಿದ ಮಾತು ನನಗೆ ಇಂದಿಗೂ ಮೈ ನಡುಗಿಸುತ್ತದೆ. "ನಾ ಲಗ್ನಾಗಿ ಬಂದಾಗ ನನಗೂ ಯಾರೂ ಹೇಳಿದ್ದಿಲ್ಲ. ಒಂದಿನ ಹಾಡ್ಕೋತ ಜ್ವಾಳ ಬೀಸಾಕತ್ತಿದ್ದೆ. ದಣಿವಾಗಿ ಹಾಡು ನಿಲ್ಲಿಸಿದೆ. ಮುಂದಿನ ಸಾಲು ಗ್ವಾಡ್ಯಾಗಿಂದ ಬಂತು."

ಅಷ್ಟು ಹೆದರಿದ್ದ ಉಜ್ವಲಾಳೇ ಎದ್ದು ಹೋಗಿ ಅವರ ಕೈ ಹಿಡಿದಳು. ಕುಸುಮ ಅತ್ತೆ ಆ ಹಿಡಿದ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಟಲಿ ತೋರಿಸಿ, "ಇದನ್ನ ಹಚ್ಚಿದ್ರ ಬೆಳ್ಳಗಾಗತಾರೇನ?" ಎಂದು ಕೇಳಿದರು.

"ಬರೇ ಬೆಣ್ಣಿರಿ ಅದು" ಎಂದೆ ನಾನು.

ಅವರು ನಕ್ಕರು. "ನಾ ಏನೂ ಹಚ್ಚದನ ಆಗೇನಿ, ನೋಡ್ರಿ."

ದಾಜಿ ಮೆಲ್ಲಗೆ ಒಳಗೆ ಬಂದಿದ್ದರು. ಉಜ್ವಲಾ ಅವರತ್ತ ತಿರುಗಿ, "ದಾಜಿ, ಮಾತು ಇವರ ಹೇಳಲಿ. ನಾ ಬರೇ ಮುಖ ತೋರಸ್ತೇನಿ" ಎಂದಳು. ಅತ್ತೆ ಕಾಕುವಿನ ಮುಖ ನೋಡಿದರು. ಕಾಕು ಕಣ್ಣೊರೆಸಿಕೊಂಡು, "ಹೇಳ್ರಿ ಅಕ್ಕಾರ, ನಿಮಗ ಪಾಠ ಆಗೇತಲ್ಲ" ಎಂದರು. ಅತ್ತೆ ಒಂದೇ ಸಲಕ್ಕೆ, ಒಂದಕ್ಷರ ತಪ್ಪದೆ ಹೇಳಿದರು.

ಕಾಲೇಜಿನಲ್ಲಿ ನಮ್ಮ ಜಾಹೀರಾತು ಹಚ್ಚಿದೆವು. "ದನಿ ಯಾರದು? ಆಕಾಶವಾಣಿಯವರದೇನು?" ಎಂದು ಸರ್ ಕೇಳಿದರು. ನಮ್ಮ ಅತ್ತೆಯದು ಎಂದ ಭರತೇಶ. ಅವರ ಬಗ್ಗೆ ಅವನು ಬಹಿರಂಗವಾಗಿ ಆಡಿದ ಮೊದಲ ಮಾತು ಅದು. ಆ ರಾತ್ರಿ ಅಪ್ಪನೊಂದಿಗೆ ಅವನ ಜಗಳವಾಯಿತು, ಕಾಕಾ ವರ್ಷಗಟ್ಟಲೆ ಅವನ ಜೊತೆ ಮಾತು ಬಿಟ್ಟರು. ಅವನು ಸೋಲಲಿಲ್ಲ. ರಾಯಬಾಗದಲ್ಲಿ ಅವನಿಗೆ ಕೆಲಸ ಸಿಕ್ಕಾಗ ಅತ್ತೆಯನ್ನು ತನ್ನ ಮನೆಗೆ ಕರೆದೊಯ್ದ. ಅವನ ಮದುವೆಯಲ್ಲಿ ಅವರು ಸೆರಗು ಹಿಂದಕ್ಕೆ ಸರಿಸಿ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಪಕ್ಕದ ಹೆಂಗಸರು ಎದ್ದು ಹೋದಾಗ, ಆ ಜಾಗದಲ್ಲಿ ಕಾಕು ಬಂದು ಒತ್ತಿ ಕುಳಿತದ್ದನ್ನು ನಾನು ನೋಡಿದೆ.

ಅತ್ತೆ ಈಗಿಲ್ಲ. ಆ ದನಿಯ ಹೆದರಿಕೆ ಎಂದೋ ಹೋಯಿತು. ಆದರೆ ಅವತ್ತು ಇಡೀ ದಿನ ಆ ಮನೆಯಲ್ಲಿ ಚುರುಮುರಿ ತಿನ್ನುತ್ತ ನಕ್ಕೆವಲ್ಲ, ಒಂದು ಮೊಳದ ಆಚೆಗೆ ಒಬ್ಬರು ಉಸಿರು ಬಿಗಿಹಿಡಿದು ನಿಂತಿದ್ದರಲ್ಲ, ಅದು ನೆನಪಾದರೆ ಈಗಲೂ ಕತ್ತಿನ ಹಿಂದೆ ತಣ್ಣಗಾಗುತ್ತದೆ. ಅಂದಿನಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ, "ಒಳಗ ಇನ್ನೂ ಯಾರರ ಅದಾರೇನ್ರಿ?" ಎಂದು ಕೇಳಿಬಿಡುತ್ತೇನೆ. ಹೆಚ್ಚಿನವರು ನಕ್ಕು, ಯಾರೂ ಇಲ್ಲ ಎನ್ನುತ್ತಾರೆ. ಕೇಳಿದ ಕೂಡಲೇ ಮಾತು ಬದಲಿಸಿದವರೂ ಒಬ್ಬಿಬ್ಬರು ಸಿಕ್ಕಿದ್ದಾರೆ.