ಎಲ್ಕ್ ಬೇಟೆಯ ಚೀಲಕ್ಕೆ ಸಾಂಬ್ರಾಣಿ

ನಾನು ಬೇಟೆಗೆ ಹೋಗುತ್ತೇನೆಂದು ಹೇಳಿದಾಗ ಮನೆಯವರೆಲ್ಲ ಒಂದು ಕ್ಷಣ ಸ್ತಬ್ಧರಾದರು ಎಂದು ಬರೆಯಬಹುದು. ಓದಲು ಚೆನ್ನಾಗಿಯೂ ಇರುತ್ತದೆ. ಆದರೆ ಹಾಗೆ ಆಗಲಿಲ್ಲ. ಮಿಕ್ಸಿ ಓಡುತ್ತಿತ್ತು, ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಕೂಗಿ ಹೇಳಬೇಕಾಯಿತು.

"ಎಲ್ಕ್ ಅಂದ್ರೆ ಜಿಂಕೆನಾ?" ಅಂದರು ಅತ್ತೆ.

"ಕಡವೆ ಥರ. ಅದಕ್ಕಿಂತ ದೊಡ್ಡದು."

"ಕೊಲ್ಲೋದ್ಯಾರು?"

"ನಮ್ಮ ಬಾಸ್. ನಾನು ಹೊತ್ಕೊಂಡು ಬರೋದು ಅಷ್ಟೇ."

"ಏನನ್ನ?"

ನನ್ನ ಗಂಡ ಅದಕ್ಕೇ ಕಾದಿದ್ದ. "ತೊಡೆ, ಅಮ್ಮ. ಒಂದೊಂದ್ಸಲಕ್ಕೆ ಒಂದೊಂದು ತೊಡೆ. ಕೇಕಲ್ಲಿ ಮೊಟ್ಟೆ ಇದೆಯಾ ಅಂತ ಅಂಗಡಿಯವನ ಪ್ರಾಣ ತಿನ್ನೋಳು ಇವಳೇ."

ಬಾಸ್ ಎಂದರೆ ಇಲ್ಲಿ ಪೆನಾಂಗಿನ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದ ಅಮೆರಿಕದ ಹೆಂಗಸು. ನಿವೃತ್ತರಾದ ಮೇಲೆ ತಮ್ಮ ಬೆಟ್ಟದ ಊರಿಗೆ ಮರಳಿದ್ದರು. ಪ್ರತಿ ಅಕ್ಟೋಬರಿನಲ್ಲಿ ಗಂಡ ಹೆಂಡತಿ ಬೆಟ್ಟ ಹತ್ತಿ ಒಂದು ಎಲ್ಕ್ ಹೊಡೆಯುವುದು, ಚಳಿಗಾಲವೆಲ್ಲ ಅದನ್ನೇ ತಿನ್ನುವುದು ಅವರ ರೂಢಿ. ಗುಂಡು ಹೊಡೆಯುವವರು ಇವರು, ಮಾಂಸ ಹೊರುವವರು ಅವರ ಗಂಡ. ಆ ಗಂಡ ತೀರಿಕೊಂಡರು. ಇವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು, ಭಾರ ಹೊರುವಂತಿರಲಿಲ್ಲ. ಬಂದೂಕನ್ನು ತಮ್ಮೂರಿನ ಬೇಟೆ ಸಾಮಾನಿನ ಅಂಗಡಿಯವನಿಗೆ ಕೊಟ್ಟುಬಿಡುತ್ತೇನೆ ಎಂದು ಫೋನಿನಲ್ಲಿ, ಹಳೇ ಸೋಫಾ ಕೊಡುವ ಧಾಟಿಯಲ್ಲಿ, ಹೇಳಿದರು. ನಾನು ಬರುತ್ತೇನೆ ಎಂದು ನಾನೇ ಅಂದೆನೋ, ನೀನು ಬಂದರೆ ಹೋಗುತ್ತೇನೆ ಎಂದು ಅವರೇ ಅಂದರೋ, ಈಗ ನೆನಪಿಲ್ಲ. ನನಗೆ ನೆನಪಿರುವ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದೇವೆ, ಅದು ಸಾಧ್ಯವಿಲ್ಲ.

ಟಿಕೆಟ್ ತೆಗೆದ ಮರುವಾರದಿಂದ ಅವರು ಹಿಂಜರಿಯತೊಡಗಿದರು. ಬರಬೇಡ, ಹಿಮ ಬೇಗ ಬೀಳುವ ಹಾಗಿದೆ. ಬರಬೇಡ, ದಾರಿಯಲ್ಲಿ ಮರ ಬಿದ್ದಿದೆಯಂತೆ. ಅಂಗಡಿಯವನೊಡನೆ ಮಾತಾಡಿದ್ದೇನೆ, ಬಂದೂಕು ಒಯ್ಯಲು ಬರುತ್ತಾನೆ. ಪ್ರತಿ ಸಲವೂ ನಾನು ಅವರನ್ನು ಒಪ್ಪಿಸಬೇಕು. ಇಪ್ಪತ್ತೆಂಟು ಗಂಟೆ ವಿಮಾನದಲ್ಲಿ ಕೂತು ಹೆಣದ ಭಾರ ಹೊರಲು ಹೋಗುವವಳು ನಾನು, ಗೋಗರೆಯುವವಳೂ ನಾನೇ. ಆದರೂ ಬಿಡಲಾಗಲಿಲ್ಲ. ಒಮ್ಮೆ ಬಂದೂಕು ಮನೆಯಿಂದ ಹೊರಗೆ ಹೋದರೆ ಅವರು ಇನ್ನು ಆ ಬೆಟ್ಟ ಹತ್ತುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಅಭ್ಯಾಸ ಕಾಂಡೋದ ಮೆಟ್ಟಿಲ ಮೇಲೆ. ಹಿಮದ ಬೆಟ್ಟಕ್ಕೆ ತಯಾರಿ ಪೆನಾಂಗಿನ ಸೆಕೆಯಲ್ಲಿ. ಬೆನ್ನುಚೀಲಕ್ಕೆ ಭಾರ ಬೇಕಿತ್ತು, ಅಕ್ಕಿಮೂಟೆ ಹಾಕಿಕೊಂಡೆ. ಎಲ್ಲೋ ನಡುವೆ ಉಸಿರು ಸಿಗದೆ ಚೀಲ ಇಳಿಸಿ ಅದರ ಮೇಲೇ ಕುಳಿತೆ. ಲಿಫ್ಟಿನಿಂದ ಹೊರಬಂದ ಅತ್ತೆ ನೋಡಿದರು.

"ಅಕ್ಕಿ ಮೇಲೆ ಕೂತಿದ್ಯಲ್ಲೇ."

"ಮೂಟೆ ಚೀಲದೊಳಗಿದೆ, ಅತ್ತೆ."

"ಒಳಗಿದ್ರೆ ಅನ್ನ ಅಲ್ವಾ ಅದು? ನಾಳೆ ಅದನ್ನೇ ಬೇಯಿಸಿ ದೇವರಿಗಿಡಬೇಕು."

ಅಂದಿನಿಂದ ಅಕ್ಕಿ ಹೋಗಿ ಕುಡಿಯುವ ನೀರಿನ ಕ್ಯಾನು ಬಂತು. ಅದು ಬೆನ್ನಿನಲ್ಲಿ ಗುಡುಗುಡು ಎನ್ನುತ್ತಿತ್ತು. ಮಗಳು ತನ್ನ ಸ್ನೇಹಿತರ ಜೊತೆ ಎದುರು ಬಂದಾಗ ನನ್ನನ್ನು ಗುರುತು ಹಿಡಿಯಲಿಲ್ಲ. ಮನೆಗೆ ಬಂದು, "ಅಮ್ಮಾ, ಪ್ಲೀಸ್, ಯೂಸ್ ದಿ ಜಿಮ್ ಲಾ," ಎಂದಳು.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ವಾಸನೆಯ ವಿಷಯ. ಎಲ್ಕ್‌ಗೆ ಕಣ್ಣಿಗಿಂತ ಮೂಗು ಚುರುಕು. ಗಾಳಿ ತಿರುಗಿ ಮನುಷ್ಯರ ವಾಸನೆ ಬಡಿದರೆ ಗುಡ್ಡ ದಾಟಿ ಹೋಗಿಬಿಡುತ್ತದೆ. ಬಟ್ಟೆ, ಬೂಟು, ಚೀಲ ಯಾವುದಕ್ಕೂ ಏನೂ ವಾಸನೆ ಇರಬಾರದು ಎಂದು ಬಾಸ್ ಹೇಳಿದ್ದರು. ಅದೇನು ಮಹಾ ಅಂದುಕೊಂಡೆ. ನಮ್ಮ ಕಾರ್ಖಾನೆಯ ಕ್ಲೀನ್ ರೂಮಿಗೆ ನಾವು ಪೌಡರ್ ಕೂಡ ಹಾಕಿಕೊಂಡು ಹೋಗುವಂತಿಲ್ಲ. ಆದರೆ ಕ್ಲೀನ್ ರೂಮಿನ ಪಕ್ಕದಲ್ಲಿ ಯಾರೂ ಇಂಗಿನ ಒಗ್ಗರಣೆ ಹಾಕುವುದಿಲ್ಲ. ವಾಸನೆಯಿಲ್ಲದ ಸೋಪಿನಲ್ಲಿ ಒಗೆದು ಬಾಲ್ಕನಿಯಲ್ಲಿ ಹರವಿದರೆ ಕೆಳಮನೆಯವರು ಬಲಾಚಾನ್ ಹುರಿಯುತ್ತಾರೆ. ಆ ಒಣಸಿಗಡಿ ಘಾಟು ನಮ್ಮ ಇಂಗನ್ನೂ ಸೋಲಿಸುತ್ತದೆ. ಒಳಗೆ ಹರವಿದರೆ ಸಾರು. ಮತ್ತೆ ಒಗೆ, ಮತ್ತೆ ಹರವು. ಕೊನೆಗೆ ರಜೆ ಹಾಕಿ, ಮನೆಯಲ್ಲಿ ಒಲೆ ಹಚ್ಚಬಾರದೆಂದು ಎಲ್ಲರಿಗೂ ಮಾಮಕ್ ಹೋಟೆಲಿನಿಂದ ರೊಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ತರಿಸಿ, ಎಲ್ಲ ಒಣಗಿಸಿ, ಗಾಳಿ ಹೀರಿ ತೆಗೆಯುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಕಪಾಟಿನ ಮೇಲಿಟ್ಟೆ. ಇದನ್ನು ಯಾರೂ ಮುಟ್ಟಬೇಡಿ ಎಂದೆ. ಅತ್ತೆ ತಲೆಯಾಡಿಸಿದರು. ಅಥವಾ ರೊಟ್ಟಿ ಅಗಿಯುತ್ತಿದ್ದರು.

ಹೊರಡುವುದಕ್ಕೆ ಕೆಲವೇ ದಿನ ಮೊದಲು ಆಯುಧಪೂಜೆ ಬಂತು. ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದೆ. ಮನೆ ತುಂಬ ಹೊಗೆ. ದೇವರ ಮುಂದೆ ಮಿಕ್ಸಿ, ಕಾರಿನ ಕೀ, ಮಗಳ ಲ್ಯಾಪ್‌ಟಾಪ್. ಅವುಗಳ ಪಕ್ಕದಲ್ಲಿ ನನ್ನ ಬೂಟು, ಬೇಟೆಯ ಬಟ್ಟೆ, ಚೂರಿ, ಬೆನ್ನುಚೀಲ. ಎಲ್ಲಕ್ಕೂ ಅರಿಶಿನ, ಕುಂಕುಮ. ಮಾಂಸ ಸುತ್ತುವ ಬಟ್ಟೆಯ ಚೀಲಗಳಿಗೂ ಒಂದೊಂದು ಬೊಟ್ಟು. ಚೀಲದ ಪಟ್ಟಿಗೆ ಮಲ್ಲಿಗೆ. ಅತ್ತೆ ಸಾಂಬ್ರಾಣಿ ಪಾತ್ರೆಯನ್ನು ಬೂಟಿನ ಬಾಯಿಗೇ ಹಿಡಿದು ನಿಂತಿದ್ದರು.

ನಾನು ಆಗ ಏನೇನು ಅಂದೆ ಎಂಬುದಕ್ಕೆ ಮೂರು ಪಾಠಗಳಿವೆ. ಗಂಡನದು ಬೇರೆ, ಮಗಳದು ಬೇರೆ. ನನ್ನದರಲ್ಲಿ ನಾನು ಮರ್ಯಾದೆಯಿಂದ ಮಾತಾಡಿದ್ದೇನೆ.

"ಮುಟ್ಬೇಡಿ ಅಂದಿದ್ನಲ್ಲ, ಅತ್ತೆ. ಇದೆಲ್ಲ ಪಾಪ ಅಂತಿದ್ದೋರು ನೀವೇ ತಾನೆ?"

"ಕೊಲ್ಲೋದು ಅವರ ಕರ್ಮ. ಸಾಮಾನು ನಮ್ಮನೇದು," ಅಂದರು. "ಮಿಕ್ಸಿಗೆ ಪೂಜೆ ಮಾಡಿ, ಬೆಟ್ಟ ಹತ್ತೋ ಬೂಟನ್ನ ಹಾಗೇ ಬಿಡಕ್ಕಾಗತ್ತಾ? ಕಾಲು ಜಾರಿದ್ರೆ?"

"ವಾಸನೆ ಬಂದ್ರೆ ಪ್ರಾಣಿ ಓಡಿಹೋಗತ್ತೆ."

"ಹೋಗ್ಲಿ ಬಿಡು. ಅದೂ ಬದುಕ್ಲಿ."

ಗಂಡ ಕಿಟಕಿ ತೆರೆಯಲು ಎದ್ದು ಹೋದ. ಅವನ ಭುಜ ಕುಲುಕುತ್ತಿತ್ತು. ನನಗೆ ನಗು ಬರಲಿಲ್ಲ. ಬಾಸ್‌ಗೆ ನೆಪ ಬೇಕಾಗಿತ್ತು, ನಾವು ಒದಗಿಸಿದ್ದೆವು. ಹೇಳದೆ ಹೋದರೆ ಅವರಿಗೆ ಕಾಡಿನಲ್ಲಿ ಗೊತ್ತಾಗುತ್ತದೆ. ಹೇಳಿದರೆ ಇಂದೇ ಬೇಡ ಎನ್ನುತ್ತಾರೆ. ವೀಡಿಯೋ ಕರೆ ಮಾಡಿದೆ. ಅಲ್ಲಿ ಬೆಳಗಾಗುತ್ತಿತ್ತು. ಅವರ ಹಿಂದೆ ಅಡುಗೆಮನೆಯ ಮೇಜಿನ ಮೇಲೆ ಕಂಬಳಿ ಸುತ್ತಿದ ಉದ್ದನೆಯದೊಂದು ಇತ್ತು. ಅಂಗಡಿಯವನು ಮಧ್ಯಾಹ್ನ ಬರುತ್ತಾನೆ, ನಿನಗೆ ಹೇಳಬೇಕೆಂದೇ ಇದ್ದೆ, ಎಂದರು.

ನನಗೆ ರೇಗಿತು. ಒಪ್ಪಿಸಲು ಹೋಗಲಿಲ್ಲ. ಫೋನನ್ನು ತಿರುಗಿಸಿ ದೇವರ ಮುಂದಿನದನ್ನೆಲ್ಲ ತೋರಿಸಿದೆ. ಇಗೋ, ಇದು ಹಬ್ಬ, ಇದು ನನ್ನ ಅತ್ತೆ, ಇದು ಆ ವಾಸನೆಯಿಲ್ಲದ ಬೂಟು, ಎಂದೆ.

ಅವರು ಪರದೆಗೆ ಮುಖ ಹತ್ತಿರ ತಂದು ನೋಡಿದರು. ಚೀಲಕ್ಕೇಕೆ ಹೂವು ಎಂದು ಕೇಳಿದರು. ವರ್ಷಕ್ಕೊಮ್ಮೆ ನಮಗಾಗಿ ದುಡಿಯುವ ಸಾಮಾನಿಗೆ ಕೈಮುಗಿಯುತ್ತೇವೆ ಎಂದೆ.

ಅತ್ತೆ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ಅವರ ಬಂದೂಕು ಎಲ್ಲಿ? ಇವತ್ತು ಅದಕ್ಕೊಂದು ಬೊಟ್ಟಾದ್ರೂ ಇಟ್ಟಿದಾರಾ ಕೇಳು."

"ಅದನ್ನ ಕೊಟ್ಬಿಡ್ತಾರಂತೆ."

"ಇವತ್ತು ಆಯುಧ ಕೊಡ್ತಾರಾ ಯಾರಾದ್ರೂ? ಬೇಡ ಅಂತ ಹೇಳು."

ಹೇಳಿದೆ. ಮುಖ ಗಂಟಿಕ್ಕಿಕೊಂಡೇ ಹೇಳಿದೆ. ಅವರು ಪರದೆಯಿಂದ ಸರಿದರು. ಬೀರು ತೆರೆಯುವ ಸದ್ದು, ಡಬ್ಬಿಗಳನ್ನು ಸರಿಸುವ ಸದ್ದು. ಮರಳಿ ಬಂದಾಗ ಕೈಯಲ್ಲಿ ಅಡುಗೆಯ ಅರಿಶಿನದ ಸಣ್ಣ ಶೀಶೆ. ಬಲಗೈಯಲ್ಲಿ ಕಂಬಳಿ ಬಿಡಿಸಿದರು, ಎಡಭುಜ ಇನ್ನೂ ಸರಿಯಾಗಿ ಏಳುತ್ತಿರಲಿಲ್ಲ. ಬೆರಳನ್ನು ನಲ್ಲಿಯ ಕೆಳಗೆ ಒದ್ದೆ ಮಾಡಿಕೊಂಡು, ಬಂದೂಕಿನ ಮರದ ಹಿಡಿಯ ಮೇಲೆ ಒಂದು ಬೊಟ್ಟು ಇಟ್ಟರು. ಸರಿಯಾಯಿತೇ ಎಂದು ಅತ್ತೆಯನ್ನು ನೋಡಿದರು.

"ಹೂವಿಲ್ವಾ?" ಅಂದರು ಅತ್ತೆ.

ಅಂಗಡಿಯವನಿಗೆ ಬರಬೇಡ ಎಂದು ಹೇಳುತ್ತೇನೆ, ಎಂದರು ಬಾಸ್. ಆಮೇಲೆ ನನ್ನ ಕಡೆ ತಿರುಗಿ, ಹಳೇ ಮೀಟಿಂಗಿನ ಗಡಸು ದನಿಯಲ್ಲಿ, ಬಟ್ಟೆಯನ್ನೆಲ್ಲ ಇನ್ನೊಮ್ಮೆ ಒಗೆ ಎಂದು ಹೇಳಿ ಕರೆ ಮುಗಿಸಿದರು.

ಒಗೆಯಲು ಹಾಕಿದೆ. ಹೊರಗೆ ಹರವಲು ಹೋದರೆ ಕೆಳಮನೆಯಲ್ಲಿ ಬಲಾಚಾನ್ ಹುರಿಯುತ್ತಿದ್ದರು.