ನಮ್ಮೂರಿನವರು

ನನ್ನದು ಬೀಗ, ಚಿಲಕ, ಮೊಳೆ, ತಿರುಪಿನ ಅಂಗಡಿ. ಮನುಷ್ಯರು ಒಬ್ಬರನ್ನೊಬ್ಬರು ನಂಬಲು ಶುರುಮಾಡಿದ ದಿನ ನಾನು ಬಾಗಿಲು ಮುಚ್ಚಬೇಕು. ಹೀಗಿರುವಾಗ, ಕೀಲಿಕೈ ಮಾಡಲು ನನ್ನ ಅಂಗಡಿಯ ಜಗಲಿಯಲ್ಲಿ ಜಾಗ ಕೇಳಲು ಬಂದವನು, "ನಮ್ಮೂರಲ್ಲಿ ಯಾರೂ ಮನೆಗೆ ಬೀಗ ಹಾಕೋದಿಲ್ಲ ಯಜಮಾನ್ರೇ" ಎಂದು ಮಾತು ತೆಗೆದರೆ ನನಗೆ ಹೇಗಾಗಬೇಡ?

"ಹಾಗಾದ್ರೆ ಅಲ್ಲಿ ಯಾರಿಗಯ್ಯಾ ಕೀ ಮಾಡ್ಕೊಡ್ತಿದ್ದೆ?" ಎಂದೆ.

"ಯಾರಿಗೂ ಇಲ್ಲ. ಅದಕ್ಕೇ ತಾನೇ ಇಲ್ಲಿಗೆ ಬಂದಿದ್ದು?"

ಉತ್ತರ ಇಷ್ಟವಾಯಿತು, ಜಾಗ ಕೊಟ್ಟೆ. ಬರೀ ಉತ್ತರಕ್ಕೆ ಮೆಚ್ಚಿ ಕೊಟ್ಟೆ ಎಂದುಕೊಳ್ಳಬೇಡಿ. ಕೀಲಿಕೈ ಕಳೆದುಕೊಂಡವರು ಇವತ್ತಲ್ಲ ನಾಳೆ ಬೀಗವನ್ನೂ ಬದಲಾಯಿಸುತ್ತಾರೆ. ಆಗ ಅವರ ಕೈಗೆಟುಕುವಷ್ಟು ಹತ್ತಿರದಲ್ಲಿ ನಾನಿರುತ್ತೇನೆ.

ಬಂದ ಸ್ವಲ್ಪ ದಿನಕ್ಕೇ ನಮ್ಮ ಬೀದಿಯಲ್ಲಿ ಅವನಿಗೆ 'ನಮ್ಮೂರು' ಎಂಬ ಹೆಸರು ಬಿತ್ತು. ಬಾಯಿ ತೆಗೆದರೆ ಅದೇ. ಇಲ್ಲಿಯ ಗಾಳಿ ಯಾರೋ ಉಸಿರಾಡಿ ಬಿಟ್ಟದ್ದಂತೆ, ಅವನ ಊರಿನದು ಹೊಚ್ಚ ಹೊಸದಂತೆ. ಇಲ್ಲಿ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ಬಾಗಿಲ ಮೇಲಿನ ಬೋರ್ಡು ಓದಿ ತಿಳಿಯಬೇಕಂತೆ. ಅವನ ಊರಿನಲ್ಲಿ ಪಕ್ಕದ ಮನೆಯ ಅಡುಗೆಗೆ ಉಪ್ಪು ಹೆಚ್ಚಾದರೆ ಈ ಮನೆಯವರು ನೀರು ಕುಡಿಯುತ್ತಾರಂತೆ. "ಒಲೆ ಮೇಲೆ ಹಾಲಿಟ್ಟು ಮರೆತು ಹೋಗಿ, ಯಾರಾದ್ರೂ ಒಳಗೆ ಬಂದು ಇಳಿಸಿ ಹೋಗಿರ್ತಾರೆ. ಬಂದಿದ್ದೆ ಅಂತ ಹೇಳೋದೂ ಇಲ್ಲ. ನಿಮ್ಮ ಈ ಊರಲ್ಲಿ ಮನೆ ಉರಿದರೂ ಮೊದಲು ಕಾಲಿಂಗ್ ಬೆಲ್ ಒತ್ತಬೇಕು" ಎನ್ನುತ್ತಿದ್ದ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇವನ ಬೆಟ್ಟಕ್ಕೆ ದಿನಾ ಎಣ್ಣೆ ಹಚ್ಚಿ ಉಜ್ಜಿದ ಹೊಳಪೂ ಇತ್ತು.

"ಅಷ್ಟು ಚೆನ್ನಾಗಿದ್ರೆ ವಾಪಸ್ ಹೋಗಪ್ಪಾ" ಎಂದು ಎದುರಿನ ದರ್ಜಿ ರೇಗಿಸುತ್ತಿದ್ದ.

"ಹೋಗಬಹುದು. ಆದ್ರೆ ನಮ್ಮೂರಲ್ಲಿ ಕೆಲಸ ಮಾತ್ರ ಇಲ್ಲ" ಎಂದು ಇವನು ನಗುತ್ತಿದ್ದ.

ಊರನ್ನು ಹೊಗಳುವವನಿಗೆ ಈ ಊರಿನಲ್ಲಿ ಕಾಲೂರಲು ಸುಲಭವಾಗಿರಲಿಲ್ಲ. ಯಾವ ಬೀಗವನ್ನಾದರೂ ಒಂದು ತಂತಿಯಲ್ಲಿ ತೆಗೆಯುವವನಿಗೆ ಬಾಡಿಗೆಗೆ ಕೋಣೆ ಕೊಡುವ ಎದೆಗಾರಿಕೆ ಯಾರಿಗಿದೆ? ಕಸುಬು ಹೇಳಿದ ಕೂಡಲೇ ಖಾಲಿಯಿದ್ದ ಕೋಣೆಗಳೆಲ್ಲ ಭರ್ತಿಯಾಗಿಬಿಡುತ್ತಿದ್ದವು. ಕಡೆಗೆ ನಮ್ಮ ಬೀದಿಯ ಕೊನೆಯ ಕಟ್ಟಡದಲ್ಲಿ, ಎರಡನೇ ಮಹಡಿಯಲ್ಲಿದ್ದ ನಿವೃತ್ತ ಟೀಚರೊಬ್ಬರು ಮಾಲೀಕರಿಗೆ ಹೇಳಿ ತಮ್ಮ ಎದುರಿನ ಕೋಣೆಯನ್ನೇ ಕೊಡಿಸಿದರು. "ಕದಿಯೋನು ಬೀದೀಲಿ ಬೋರ್ಡು ಹಾಕ್ಕೊಂಡು ಕೂರ್ತಾನೇನ್ರೀ?" ಎಂದರಂತೆ. ಅಂದಿನಿಂದ ಅವನು ಆ ಕಟ್ಟಡದ ಮೆಟ್ಟಿಲನ್ನೂ ಸದ್ದಾಗದಂತೆ ಹತ್ತುತ್ತಿದ್ದ. ಅಲ್ಲಿ ಯಾರದಾದರೂ ಕೀಲಿಕೈ ಎರಡು ದಿನ ಕಾಣದಿದ್ದರೆ, ಸಿಗುವವರೆಗೆ ಊಟ ಸೇರುತ್ತಿರಲಿಲ್ಲ ಅವನಿಗೆ.

ಅವನಿಗಿದ್ದವಳು ಒಬ್ಬಳೇ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಊರಿನ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಅವಳದು. ಸಂಜೆ ಜಗಲಿಯಲ್ಲಿ ಸಾಮಾನು ಕಟ್ಟುತ್ತಾ ಇವನು ಫೋನಿನಲ್ಲಿ, "ಕೆಲಸ ಬಿಟ್ಟು ಬಾ ಅಕ್ಕಾ. ಇನ್ನೂ ಎಷ್ಟು ದಿನ ಕೈ ನೆನೆಸ್ತೀಯ? ಇಲ್ಲಿ ನಾನಿಲ್ವಾ?" ಎಂದು ಗೋಗರೆಯುವುದು ನನಗೆ ಬಾಯಿಪಾಠವಾಗಿತ್ತು. ಅವಳು ಏನೋ ಹೇಳಿ ತಳ್ಳಿಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದೇಬಿಟ್ಟಳು. ತಮ್ಮ ಇನ್ನೂ ಬಂದಿರಲಿಲ್ಲ. ಒಂದು ಬಟ್ಟೆ ಚೀಲ, ಗಟ್ಟಿ ದನಿ. ಗಿರಾಕಿಗಳು ನಿಲ್ಲುವ ಕಡೆ ನಿಲ್ಲದೆ ನೇರವಾಗಿ ಕೌಂಟರಿನ ಒಳಕ್ಕೆ ನಡೆದು ಬಂದಳು. ನಾನು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಅವಳು ಬಗ್ಗಿ, ನೆಲದ ಮೇಲೆ ಚೆಲ್ಲಿದ್ದ ತಿರುಪುಗಳನ್ನು ಬಾಚಿ ಡಬ್ಬಿಗೆ ಹಾಕಿ, "ಬಿದ್ದಿತ್ತು ಅಣ್ಣಾ. ಕಾಲಿಗೆ ಚುಚ್ಚೀತು" ಎಂದಳು. ಆಮೇಲೆ, "ನಮ್ಮ ತಮ್ಮ ಕೂರೋದು ಇಲ್ಲೇ ತಾನೇ?"

ಕೈಯನ್ನು ಪೆಟ್ಟಿಗೆಯಿಂದ ತೆಗೆದು ಸ್ಟೂಲು ತೋರಿಸಿದೆ.

"ಕೂತ್ಕೊಳ್ಳೋಕೆ ಬಂದಿಲ್ಲ, ಊರು ನೋಡೋಕೆ ಬಂದೆ" ಎಂದಳು ಕೂರುತ್ತಾ. "ಬಾ ಬಾ ಅಂತ ಪ್ರಾಣ ತಿಂತಾನೆ. ಒಗ್ಗಿದ್ರೆ ಇಲ್ಲೇ ಇದ್ದುಬಿಡ್ತೀನಿ. ಒಗ್ಗದಿದ್ರೆ ಸಂಜೆ ಬಸ್ಸಿದೆಯಂತೆ, ಕೇಳ್ಕೊಂಡೇ ಇಳಿದೆ."

ತಮ್ಮ ಬಂದವನು ಅವಳನ್ನು ಕಂಡು ಚಿಕ್ಕ ಮಗುವಿನಂತಾದ. ಚೀಲ ಕಿತ್ತುಕೊಂಡು, ದರ್ಜಿಗೂ ಕೇಳುವಂತೆ "ನಮ್ಮಕ್ಕ! ನಮ್ಮಕ್ಕ ಬಂದ್ಲು!" ಎಂದು ಕೂಗಿ, ಕೋಣೆಗೆ ಕರೆದೊಯ್ದು ಬಿಟ್ಟು ಬಂದ. ಬಂದವನ ಮುಖದಲ್ಲಿ ಸಂತೋಷದ ಜೊತೆ ಸಣ್ಣ ಕಳವಳವೂ ಇತ್ತು.

"ಬಾಗಿಲು ಹಾಕ್ಕೊಂಡು ಒಳಗೇ ಇರು ಅಂದಿದ್ದೀನಿ. ಅವಳಿಗೆ ಬಾಗಿಲು ಹಾಕಿ ಅಭ್ಯಾಸ ಇಲ್ಲ ಯಜಮಾನ್ರೇ."

ಮಧ್ಯಾಹ್ನಕ್ಕೆ ಮೊದಲೇ ಆ ಕಟ್ಟಡದ ಕಾವಲುಗಾರ ಓಡಿ ಬಂದ. "ಟೀಚರಮ್ಮನ ಮನೆಗೆ ಯಾರೋ ಹೆಂಗಸು ನುಗ್ಗಿದ್ದಾಳೆ! ಬೀಗ ತೆರೆದಿತ್ತಂತೆ. ಬೇಗ ಬಾ."

ಕಳ್ಳತನದ ಸುದ್ದಿ ನನ್ನ ಅಂಗಡಿಗೆ ಮದುವೆ ಮನೆಯ ಕರೆ ಇದ್ದಂತೆ. ಒಳ್ಳೆಯದೊಂದು ಬಾಗಿಲ ಬೀಗವನ್ನು ಚೀಲಕ್ಕೆ ಹಾಕಿಕೊಂಡು ನಾನೂ ಅವನ ಹಿಂದೆಯೇ ಹೊರಟೆ. ಮೆಟ್ಟಿಲ ಮೇಲೆ ಆಗಲೇ ಕಟ್ಟಡದ ಜನವೆಲ್ಲ ನಿಂತಿತ್ತು.

ನಡೆದದ್ದು ಇಷ್ಟು. ಟೀಚರು ಸಣ್ಣ ಉರಿಯಲ್ಲಿ ಹಾಲಿಟ್ಟು, ಮೋಡ ಕವಿಯಿತೆಂದು ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿದ್ದರು. ಬಾಗಿಲು ಎಳೆದರೆ ತಾನೇ ಬೀಳುವ ಬೀಗ. ಎಳೆದಿದ್ದರು, ಆದರೆ ಸವೆದ ಬೀಗ ಬಿದ್ದಿರಲಿಲ್ಲ. ಮೇಲೆ ಯಾರೋ ಮಾತಿಗೆ ಸಿಕ್ಕರು. ಇತ್ತ ಅಕ್ಕನ ಮೂಗಿಗೆ ತಳ ಹಿಡಿದ ಹಾಲಿನ ವಾಸನೆ ಬಡಿಯಿತು. ತಳ್ಳಿದಳು, ಬಾಗಿಲು ತೆರೆಯಿತು, ಒಳಗೆ ಹೋದಳು. ಟೀಚರು ಬಂದು ನೋಡಿದರೆ ಗುರುತಿಲ್ಲದ ಹೆಂಗಸೊಬ್ಬಳು ತಮ್ಮ ಸಿಂಕಿನ ಮುಂದೆ ನಿಂತು ತಮ್ಮ ಪಾತ್ರೆಯನ್ನು ತಿಕ್ಕುತ್ತಿದ್ದಾಳೆ. ಕಿರುಚದೆ ಇನ್ನೇನು ಮಾಡಿಯಾರು?

ನಾವು ಹೋದಾಗಲೂ ಅಕ್ಕನ ಮೊಣಕೈವರೆಗೆ ಸೋಪಿನ ನೊರೆ. ಕೈಯಲ್ಲಿ ಅದೇ ಪಾತ್ರೆ. ತಮ್ಮನನ್ನು ಕಂಡು ಅವಳ ಮುಖ ಅರಳಿತು.

ಟೀಚರಿಗೆ ಇನ್ನೂ ಏದುಸಿರು. "ನೋಡಪ್ಪಾ, ನಿನ್ನ ರೂಮಿಗೆ ಬಂದೋಳು ಅಂತಿದ್ದಾರೆ. ಯಾರಿವ್ರು ನಿನಗೆ?"

ಮೆಟ್ಟಿಲ ಕಡೆಯಿಂದ ಯಾರೋ ಅಂದರು, "ಓಹೋ, ಕೀ ಮಾಡೋನ ಕಡೆಯವರಾ? ಸರಿಹೋಯ್ತು ಬಿಡಿ!" ಇಬ್ಬರು ನಕ್ಕರು. ಒಬ್ಬಳು ತನ್ನ ಮನೆಯ ಬಾಗಿಲು ನೋಡಿಕೊಳ್ಳಲು ಕೆಳಗಿಳಿದಳು.

ಅವನು ಆ ನಗುವಿನ ಕಡೆ ನೋಡಿದ. ಟೀಚರ ಕಡೆ ನೋಡಿದ. ಅಕ್ಕನ ಕಡೆ ಮಾತ್ರ ನೋಡಲಿಲ್ಲ.

"ನಮ್ಮೂರಿನವರು" ಎಂದ.

ಟೀಚರು ಇನ್ನೂ ಕಾಯುತ್ತಿದ್ದುದರಿಂದ, "ಪರಿಚಯ ಅಷ್ಟೇ ಮೇಡಂ. ಏನೋ ಕೆಲಸದ ಮೇಲೆ ಬಂದಿದ್ರು" ಎಂದು ಸೇರಿಸಿದ.

ಬೆಳಿಗ್ಗೆ ಬೀದಿಗೆಲ್ಲ ಕೇಳುವಂತೆ 'ನಮ್ಮಕ್ಕ' ಎಂದಿದ್ದ ಬಾಯಿ ಅದು. ನಾನು ಬಾಯಿ ತೆರೆದೆ. ಅಕ್ಕ ನನ್ನನ್ನೊಮ್ಮೆ ನೋಡಿದಳು. ನನ್ನ ಅಂಗಡಿಯಲ್ಲಿ ಅಷ್ಟು ಗಟ್ಟಿಯಾಗಿ ಮುಚ್ಚುವ ಬೀಗವಿಲ್ಲ. ಸುಮ್ಮನಾದೆ.

"ಹೌದು ತಾಯಿ, ಒಂದೇ ಊರು" ಎಂದಳು ಅವಳು, ಪಾತ್ರೆಯನ್ನು ಮೆಲ್ಲಗೆ ಬೋರಲು ಹಾಕಿ. "ಇವ್ರಿರೋ ಜಾಗ ಗೊತ್ತಿತ್ತು, ಬಂದೆ. ಹಾಲು ಸೀದು ಹೋಗ್ತಿತ್ತು ಅಂತ... ತಪ್ಪಾಯ್ತು."

"ನಿಮ್ಮೂರಲ್ಲಿ ಹೀಗೇನಾ? ಕೇಳದೆ ಕಂಡೋರ ಅಡುಗೆಮನೆಗೆ ಹೋಗೋದು?" ಟೀಚರು ಕೇಳಿದ್ದು ಅವಳನ್ನಲ್ಲ, ಅವನನ್ನು.

ಎಷ್ಟು ದಿನದಿಂದ ಜಗಲಿಯ ಮೇಲೆ ಕೂತು ಇದೇ ಪ್ರಶ್ನೆಗೆ ಉತ್ತರ ಹೇಳುತ್ತಾ ಬಂದಿದ್ದನೋ ಪುಣ್ಯಾತ್ಮ! ಹೌದು ಮೇಡಂ, ಹೀಗೇ, ಹಾಲಿಳಿಸಿ ಹೋಗ್ತಾರೆ, ಬಂದಿದ್ದೆ ಅಂತ ಹೇಳೋದೂ ಇಲ್ಲ ಎಂದಿದ್ದರೆ ಸಾಕಿತ್ತು.

"ಕೆಲವರು ಹಾಗೇ ಮೇಡಂ" ಎಂದ. "ತಿಳುವಳಿಕೆ ಕಡಿಮೆ."

ಟೀಚರು ಅಲ್ಲಿಗೇ ಬಿಟ್ಟರು. ಬೀಗ ಮಾತ್ರ ಈಗಲೇ ಹೊಸದು ಬೇಕು ಎಂದರು. ನನ್ನ ಚೀಲದಲ್ಲಿದ್ದದ್ದು ಹೊರಬಂತು. ಅವನು ಮಂಡಿಯೂರಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಕಣ್ಣು ಮುಚ್ಚಿ ಮಾಡುವ ಕೆಲಸ. ಅವತ್ತು ತಿರುಪು ಮೂರು ಸಲ ಕೈಜಾರಿ ಉರುಳಿತು. ಒಂದು ಅಕ್ಕನ ಕಾಲ ಬಳಿ ಬಂದು ನಿಂತಿತು. ಅವಳು ಎತ್ತಿಕೊಡಲು ಬಗ್ಗಿದವಳು, ಏನೋ ನೆನಪಾದವಳಂತೆ ಮುಟ್ಟದೆ ನೆಟ್ಟಗಾದಳು. ಇನ್ನೊಬ್ಬರ ವಸ್ತು ನೋಡಿ. ಈ ಊರು ಕಲಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಸಂಜೆ ಚೀಲದ ಸಮೇತ ಜಗಲಿಗೆ ಬಂದಳು. ಅವನು ಅರ ಹಿಡಿದು ಉಜ್ಜಿದ್ದನ್ನೇ ಉಜ್ಜುತ್ತಿದ್ದ.

"ಊರು ಚೆನ್ನಾಗಿದೆ ಕಣೋ" ಎಂದಳು. "ರಸ್ತೆ ಅಗಲ. ನಲ್ಲಿ ತಿರುಗಿಸಿದ್ರೆ ನೀರು. ನೀನು ಹೇಳಿದಷ್ಟು ಕೆಟ್ಟದಾಗೇನೂ ಇಲ್ಲ."

"ಇರು ಅಕ್ಕಾ. ಹೋಗಬೇಡ."

"ಇರಬಹುದು. ನಾಳೆ ಎದುರುಮನೆಯಮ್ಮ ಮೆಟ್ಟಿಲಲ್ಲಿ ಸಿಕ್ಕಿ, ಇನ್ನೂ ಹೋಗಿಲ್ವಾ ನಿಮ್ಮೂರಿನವರು ಅಂದ್ರೆ?"

"ಈಗ್ಲೇ ಹೋಗಿ ಹೇಳಿ ಬರ್ತೀನಿ. ನಿನ್ನಾಣೆ."

"ಸಾಕು ಸುಮ್ನಿರು. ಈಗ ಹೇಳಿದ್ರೆ ನೀನು ಸುಳ್ಳ, ನಾನು ಸುಳ್ಳನ ಅಕ್ಕ. ಅದಕ್ಕಿಂತ ನಿಮ್ಮೂರಿನವಳಾಗೇ ಇರೋದು ವಾಸಿ." ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ತಿಳುವಳಿಕೆ ಕಡಿಮೆ ಅಂದ್ಯಲ್ಲೋ. ನಿನಗೆ ಅಂಗಿ ಗುಂಡಿ ಹಾಕೋಕೆ ಕಲಿಸಿದ್ದು ಯಾರು?"

ಅವನ ತಲೆ ಎದೆಗೆ ತಾಕುವಷ್ಟು ತಗ್ಗಿತು. ಬಸ್ಸಿಗೆ ಬಿಡಲು ಎದ್ದರೆ ಬೇಡವೆಂದಳು. ನನಗೆ, "ಬರ್ತೀನಿ ಅಣ್ಣಾ" ಎಂದಳು. ಈ ಸಲ ಕೌಂಟರಿನ ಹೊರಗೇ ನಿಂತು ಹೇಳಿದಳು.

ಕೆಲವು ದಿನಗಳಾದ ಮೇಲೆ ಟೀಚರು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಹಿಡಿದು ಜಗಲಿಯ ಮುಂದೆ ನಿಂತರು. ದರ್ಜಿ ಇದ್ದ, ಇಬ್ಬರು ಗಿರಾಕಿಗಳಿದ್ದರು.

"ಅವತ್ತು ಹೆದರಿಕೆಯಲ್ಲಿ ಏನೇನೋ ಅಂದುಬಿಟ್ಟೆ. ಆಮೇಲೆ ನೋಡಿದ್ರೆ ಒಲೆ ಆರಿಸಿ, ಉಳಿದ ಹಾಲಿಗೆ ತಟ್ಟೆ ಮುಚ್ಚಿಟ್ಟಿದ್ದಾರೆ ಆ ಯಮ್ಮ. ಪಾತ್ರೆ ತಳವಂತೂ ಕನ್ನಡಿ. ಆಗ ಅವರು ಬರದಿದ್ರೆ ಮನೆ ಗತಿ ಏನು? ಇದೊಂದು ಶಾಲು, ನಿಮ್ಮೂರಿನ ಆ ಯಮ್ಮನಿಗೆ ತಲುಪಿಸಪ್ಪಾ."

ಅವನು ಕೈ ಚಾಚಿದ. ಪೊಟ್ಟಣ ಬೆರಳಿಗೆ ತಾಕಿದ್ದೇ ಬಿಸಿ ತಗುಲಿದಂತೆ ಹಿಂದಕ್ಕೆಳೆದುಕೊಂಡ.

"ಅವಳು ನಮ್ಮಕ್ಕ ಮೇಡಂ" ಎಂದ.

"ಯಾರು?"

"ಅವತ್ತು ಬಂದೋಳು. ನನ್ನ ಸಾಕಿದೋಳು. ಕೀ ಮಾಡೋನ ಅಕ್ಕ ಕಂಡೋರ ಮನೆ ಹೊಕ್ಕಳು ಅಂದ್ರೆ ರೂಮು ಬಿಡಿಸ್ತಾರೆ, ಇನ್ಯಾರೂ ನನ್ನ ನಂಬಲ್ಲ ಅಂತ... ಹೆದರಿದೆ."

ದರ್ಜಿ ಇದ್ದಕ್ಕಿದ್ದಂತೆ ಸೂಜಿಗೆ ದಾರ ಪೋಣಿಸತೊಡಗಿದ. ಟೀಚರು ಅವನನ್ನೇ ನೋಡಿದರು. ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಬೈಯುವವರು ಹಾಗೆ ನೋಡುವುದಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅವರು ನಿಮ್ಮಕ್ಕ ಅಂದಿದ್ರೆ ಅವತ್ತೇ ಕೂರಿಸಿ ಕಾಫಿ ಕೊಡ್ತಿದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಪೊಟ್ಟಣವನ್ನು ಕೌಂಟರಿನ ಮೇಲಿಟ್ಟರು. "ಇದನ್ನ ನೀವೇ ಕಳಿಸಿ. ಇವನ ಕೈಲಿ ಬೇಡ."

ಮರುದಿನ ಅವರ ಬಾಗಿಲ ಬೀಗ ಮತ್ತೆ ಬದಲಾಯಿತು. ಬೇರೆ ಬೀದಿಯ ಕೀಲಿಯವನನ್ನು ಕರೆಸಿದ್ದರು. ಬೀಗ ಕೊಂಡದ್ದು ನನ್ನಲ್ಲೇ. ನಾನೂ ಏನೂ ಕೇಳದೆ ಕಟ್ಟಿಕೊಟ್ಟೆ. ಇವನು ಈಗ ದಿನಾ ಬೆಳಿಗ್ಗೆ ತನ್ನ ಬಾಗಿಲು ತೆಗೆದರೆ ಎದುರಿಗೆ ಕಾಣುವುದು ಬೇರೆಯವನು ಕೂರಿಸಿದ ಬೀಗ. ಯಾರೂ ಕೋಣೆ ಬಿಡಿಸಲಿಲ್ಲ, ಯಾರೂ ಕೆಲಸ ತಪ್ಪಿಸಲಿಲ್ಲ. ಟೀಚರು ಮೆಟ್ಟಿಲಲ್ಲಿ ಸಿಕ್ಕರೆ 'ಊಟ ಆಯ್ತಾ' ಎಂದೂ ಕೇಳುತ್ತಾರಂತೆ. ಅದನ್ನು ಹೇಳುವಾಗಲೇ ಅವನ ಕಿವಿ ಕೆಂಪಾಗುತ್ತದೆ.

'ನಮ್ಮೂರಲ್ಲಿ' ಎನ್ನುವ ಮಾತು ಜಗಲಿಯಿಂದ ನಿಂತುಹೋಯಿತು. ದರ್ಜಿ ಮೊದಮೊದಲು, "ಏನಪ್ಪಾ, ನಿಮ್ಮೂರಲ್ಲಿ ಮಳೆ ಬಂತಾ?" ಎಂದು ಕೆಣಕಿ ನೋಡಿದ; ಅರದ ಸದ್ದು ಜೋರಾದದ್ದು ಕಂಡು ಅವನೂ ಬಿಟ್ಟ. ಸಂಜೆ ಫೋನು ಮಾತ್ರ ಉಂಟು. ಅಕ್ಕ ಗಟ್ಟಿಯಾಗಿ ಏನೇನೋ ಹೇಳುತ್ತಾಳೆ, ಇವನು ಹೂಂ ಹೂಂ ಎನ್ನುತ್ತಾನೆ. ಬಾ ಎನ್ನುವುದಿಲ್ಲ.

ಶಾಲನ್ನು ಅಂಚೆಗೆ ಹಾಕುವ ದಿನ ನಾನು ಪೊಟ್ಟಣ ಕಟ್ಟಿ, ಪೆನ್ನು ಹಿಡಿದು, "ವಿಳಾಸ ಹೇಳಪ್ಪಾ. ಮನೆ ನಂಬರು, ಬೀದಿ" ಎಂದೆ.

"ಅದೆಲ್ಲ ಬೇಡ ಯಜಮಾನ್ರೇ. ಊರ ಹೆಸರು ಬರೆದ್ರೆ ಸಾಕು, ತಲುಪುತ್ತೆ."

"ಹೇಗೋ ತಲುಪುತ್ತೆ? ಅಂಚೆಯವನಿಗೆ ಗೊತ್ತಾಗೋದು ಬೇಡ್ವಾ ಯಾರಿಗೆ ಅಂತ?"

ಅವನು ಕೀಲಿಕೈಯ ಹಲ್ಲುಗಳನ್ನೇ ನೋಡುತ್ತಿದ್ದ. ಬಹಳ ದಿನಗಳ ಮೇಲೆ ಆ ಹಳೆಯ ಮಾತು ಅವನ ಬಾಯಿಂದ ಬಂತು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

"ನಮ್ಮೂರಲ್ಲಿ ಅವಳ ಹೆಸರು ಹಿಡಿದು ಯಾರೂ ಕರೆಯಲ್ಲ. 'ಸಿಟಿಯಲ್ಲಿರೋನ ಅಕ್ಕ' ಅಂತ ಬರೀರಿ. ಯಾರಾದ್ರೂ ಮನೆ ತೋರಿಸ್ತಾರೆ."